ಕನ್ನಿಯಮ್ಮ ಕೊಂಡ ಮಗು

ಓದಿ ನಗುವವರು ಧಾರಾಳವಾಗಿ ನಗಬಹುದು. ಬೇರೆ ಯಾರಾದರೂ ಇದನ್ನು ಹೇಳಿದ್ದರೆ ಮೊದಲು ನಗುತ್ತಿದ್ದವಳು ನಾನೇ. ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಕೂತು, ಬೆಳಗಿನಿಂದ ಸಂಜೆವರೆಗೆ ಜನ ಹೇಳುವ ಕಥೆಗಳನ್ನು ನಂಬದೆ ಇರುವುದಕ್ಕೇ ನನಗೆ ಸಂಬಳ. ನಿಂತಿದ್ದ ಕಾರು ತಾನಾಗಿಯೇ ಹೋಗಿ ಗೋಡೆಗೆ ಗುದ್ದಿತು ಎಂದವರನ್ನೆಲ್ಲ ನೀರು ಕುಡಿಸಿ ವಾಪಸ್ ಕಳಿಸಿದ್ದೇನೆ.

ಆದರೆ ಇದು ನನ್ನ ಮನೆಯಲ್ಲಿ ನಡೆದದ್ದು. ನನ್ನ ಮಗುವನ್ನು ನಾನೇ ತೋಳಲ್ಲಿ ಅವಚಿಕೊಂಡು ಅನುಭವಿಸಿದ್ದು. ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ... ಕಟ್ಟಿದ್ದಾಗಿದ್ದರೆ ಇದಕ್ಕೊಂದು ಒಳ್ಳೆಯ ಮುಕ್ತಾಯ ಕೊಟ್ಟು ನೆಮ್ಮದಿಯಾಗಿ ಇರುತ್ತಿದ್ದೆ.

ಆಗ ನಾವು ಹಲಸೂರಿನಲ್ಲಿ, ಮಾರ್ಕೆಟ್ಟಿನ ಹಿಂದಿನ ಒಂದು ಸಂದಿಯಲ್ಲಿ ಬಾಡಿಗೆಗಿದ್ದೆವು. ಒಂದು ಆಟೋ ಒಳಗೆ ಬಂದರೆ ಎದುರಿನಿಂದ ಬರುವ ನಾಯಿ ಗೋಡೆಗೆ ಒರಗಿ ನಿಲ್ಲಬೇಕು, ಅಂಥ ಸಂದಿ. ಹಳೆಯ ಮನೆ. ಕೆಳಗಡೆ ಕನ್ನಿಯಮ್ಮ ಎಂಬ ಅಜ್ಜಿ ಒಬ್ಬರೇ ಇದ್ದರು. ಮೇಲಿನ ಮಹಡಿಯಲ್ಲಿ ನಾನು, ನನ್ನ ಗಂಡ ಮಂಜು, ನಮ್ಮ ಪುಟ್ಟ. ಮಾಲೀಕರು ಇದ್ದದ್ದು ಕುಕ್ ಟೌನಿನಲ್ಲಿ. ನಮ್ಮ ಮನೆಯಿಂದ ಹೊರಗೆ ಹೋಗಲು ಒಂದೇ ದಾರಿ: ಕಡಿದಾದ ಮೆಟ್ಟಿಲು, ಅದರ ಬುಡದಲ್ಲಿ ಕಬ್ಬಿಣದ ಗೇಟು. ಕಿಟಕಿಗಳಿಗೆಲ್ಲ ಕಂಬಿ. ತಾರಸಿಯ ಬಾಗಿಲಿಗೆ ಮಾಲೀಕರ ಬೀಗ.

ಗೇಟಿನ ಅಧಿಕಾರವೆಲ್ಲ ಕನ್ನಿಯಮ್ಮನದು. ರಾತ್ರಿ ಊಟ ಮುಗಿಸಿ, ಎಲೆ ಅಡಿಕೆ ಬಾಯಿಗಿಟ್ಟುಕೊಂಡು, ದಪ್ಪನೆಯ ಚೈನನ್ನು ಗೇಟಿನ ಕಂಬಿಗೆ ಎರಡು ಸುತ್ತು ಬಿಗಿದು, ತಮ್ಮ ಹಿತ್ತಾಳೆ ಬೀಗ ಜಡಿಯುತ್ತಿದ್ದರು. ಕರ್ರ್... ಕರ್ರ್... ಟಕ್. ಆ ಸದ್ದು ಕೇಳಿದ ಮೇಲೆಯೇ ನಮಗೂ ನಿದ್ದೆ. ಅವರ ಮೈಯಿಂದ ಯಾವಾಗಲೂ ನೀಲಗಿರಿ ಎಣ್ಣೆ ಮತ್ತು ಎಲೆ ಅಡಿಕೆ ಬೆರೆತ ವಾಸನೆ ಬರುತ್ತಿತ್ತು. ಕಾಲು ನೋವು, ನೆಗಡಿ, ತಲೆನೋವು, ಏನೇ ಇರಲಿ, ಅವರಿಗೆ ಗೊತ್ತಿದ್ದ ಔಷಧಿ ಅದೊಂದೇ. ಅಂಗಾಲಿಗೆ ನೀಲಗಿರಿ ಎಣ್ಣೆ ತಿಕ್ಕುವುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಪುಟ್ಟ ನಮ್ಮ ಎರಡನೆಯ ಮಗು. ಮೊದಲನೆಯದು ಹುಟ್ಟಿ ಒಂದು ವಾರವೂ ಉಳಿಯಲಿಲ್ಲ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ. ಹಾಗಾಗಿ ಪುಟ್ಟ ಹುಟ್ಟಿದಾಗ ಹೊಸಕೋಟೆ ಕಡೆಯ ಹಳ್ಳಿಯಲ್ಲಿರುವ ನಮ್ಮ ಅತ್ತೆ ಒಂದೇ ಹಟ ಹಿಡಿದರು. ಮಗುವನ್ನು ತವುಡಿಗೆ ಮಾರಬೇಕು.

ಅವರ ಕಡೆ ಇದು ಹಳೆಯ ಪದ್ಧತಿ. ಮಗು ಕಳೆದುಕೊಂಡವರ ಮನೆಯಲ್ಲಿ ಮತ್ತೆ ಮಗುವಾದರೆ, ಅದನ್ನು ಮೊರದಲ್ಲಿ ಮಲಗಿಸಿ, ಹೆತ್ತ ಮಕ್ಕಳೆಲ್ಲ ಉಳಿದಿರುವ ಒಬ್ಬ ಹೆಂಗಸಿಗೆ ಕೊಟ್ಟುಬಿಡಬೇಕು. "ನನ್ನ ಮಗು" ಅಂತ ಆಕೆ ಬಾಯಿಬಿಟ್ಟು ಹೇಳಬೇಕು. ಆಗ, ಹೆತ್ತವಳ ಮೇಲಿರುವ ಕೆಟ್ಟ ಕಣ್ಣು ಈ ಮಗು ಅವಳದ್ದಲ್ಲ ಅಂದುಕೊಂಡು ಹೊರಟುಹೋಗುತ್ತದಂತೆ. ಆಮೇಲೆ ಹೆತ್ತವಳು ಒಂದು ಬೊಗಸೆ ತವುಡು ಕೊಟ್ಟು ಮಗುವನ್ನು ಮತ್ತೆ ಕೊಂಡುಕೊಳ್ಳಬೇಕು. ತವುಡು ತೆಗೆದುಕೊಂಡ ಆಕೆ "ನಿಂದೇ ತಗೋ" ಅನ್ನಬೇಕು. ಅಲ್ಲಿಗೆ ವ್ಯಾಪಾರ ಮುಗಿಯಿತು.

ಕನ್ನಿಯಮ್ಮ ಹೆತ್ತದ್ದು ಏಳು ಮಕ್ಕಳನ್ನು. ಏಳೂ ಗಟ್ಟಿಮುಟ್ಟು. ಅವರಿಗಿಂತ ಸರಿಯಾದವರು ಇನ್ಯಾರು? ತಮ್ಮ ತಮಿಳು ಜನರಲ್ಲೂ ಇಂಥದ್ದೇ ಪದ್ಧತಿ ಇದೆ ಎಂದು ಖುಷಿಯಿಂದ ಒಪ್ಪಿದರು. ಮೊರದಿಂದ ಮಗುವನ್ನು ಎತ್ತಿಕೊಂಡು, ಎದೆಗೊತ್ತಿಕೊಂಡು, "ಇದು ನನ್ ಮಗು. ನನ್ ಎಂಟ್ನೇದು" ಎಂದರು. ಮಂಜು ಫೋನಿನಲ್ಲಿ ವಿಡಿಯೋ ಮಾಡಿದರು. ಎಲ್ಲರೂ ನಕ್ಕೆವು.

ಆಮೇಲೆ ನೋಡಿದರೆ ತವುಡೇ ಇಲ್ಲ!

ಅತ್ತೆಯ ಊರಿನಲ್ಲಿ ಮನೆಮನೆಗೂ ತವುಡಿರುತ್ತದೆ, ಅದನ್ನು ಹೊತ್ತು ತರಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ. ಮಾರ್ಕೆಟ್ಟಿನ ಅಂಗಡಿಯವನು, "ಹಸುನೇ ಇಲ್ವಲ್ಲಕ್ಕ ಇಲ್ಲಿ, ತವುಡು ಯಾರಿಗ್ ಮಾರ್ಲಿ?" ಅಂದ. ಅತ್ತೆಗೆ ಊರಿನ ಕೊನೆಯ ಬಸ್ಸು ತಪ್ಪುವ ಹೊತ್ತಾಗಿತ್ತು. ಮಂಜು, "ಬಿಡಮ್ಮ, ಆನ್‌ಲೈನಲ್ಲಿ ತರಿಸ್ತೀನಿ" ಎಂದು ಅವರನ್ನು ಬಸ್ಸು ಹತ್ತಿಸಿದರು.

ಬಂತು. ಓಟ್ಸಿನ ತವುಡು. ಪ್ಯಾಕೆಟ್ಟಿನ ಮೇಲೆ ಯೋಗ ಮಾಡುತ್ತಿರುವ ಹುಡುಗಿಯ ಚಿತ್ರ. ಅದನ್ನೇ ಹಿಡಿದುಕೊಂಡು ಕೆಳಗೆ ಹೋದೆ. ಕನ್ನಿಯಮ್ಮ ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಗಿನಲ್ಲೇ "ಹ್ಞುಂ" ಎಂದರು. ಬೇಡದ ವಸ್ತು ಕಂಡರೆ ಅವರು ಹಾಗೆಯೇ ಮಾಡುತ್ತಿದ್ದದ್ದು.

"ಇದು ತವುಡಾ? ಇದಕ್ಕೆಲ್ಲ ನನ್ ಮಗು ಕೊಡಲ್ಲ ಹೋಗಮ್ಮ" ಎಂದು ನಕ್ಕರು.

ನಾನೂ ನಕ್ಕು ಪ್ಯಾಕೆಟ್ಟನ್ನು ಅಡುಗೆಮನೆಯ ಮೇಲಿನ ಹಲಗೆಗೆ ಎಸೆದೆ. ಆಮೇಲೆ ಲಸಿಕೆ, ಹಾಲು, ನಿದ್ದೆಗೇಡು, ನನ್ನ ರಜೆ ಮುಗಿದು ಆಫೀಸು... ತವುಡಿನ ವಿಷಯ ಯಾರಿಗೂ ನೆನಪಾಗಲಿಲ್ಲ. ಕನ್ನಿಯಮ್ಮ ಮಾತ್ರ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಪುಟ್ಟನ ಗಲ್ಲ ಹಿಂಡಿ, "ನನ್ ಮಗುನ ಸರಿಯಾಗಿ ನೋಡ್ಕೋತಿದೀಯಾ?" ಎನ್ನುತ್ತಿದ್ದರು. ಅದೊಂದು ತಮಾಷೆಯಾಗಿಬಿಟ್ಟಿತ್ತು.

ಪುಟ್ಟನಿಗೆ ಅಂಬೆಗಾಲು ಬರುವ ಹೊತ್ತಿಗೆ ಕನ್ನಿಯಮ್ಮನಿಗೆ ಎದೆನೋವು ಬಂತು. ಬೆನ್ಸನ್ ಟೌನಿನಲ್ಲಿದ್ದ ಮಗಳು ಸೆಲ್ವಿ ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿಯೇ ತೀರಿಕೊಂಡರು. ನಾವು ಹೋಗಿ ಹೂವು ಹಾಕಿ ಬಂದೆವು. ಸೆಲ್ವಿ ಕೆಳಗಿನ ಮನೆಯ ಸಾಮಾನನ್ನೆಲ್ಲ ಸಾಗಿಸಿದಳು, ಹಿತ್ತಾಳೆ ಬೀಗವನ್ನೂ. ಬೀಗವಿಲ್ಲದ ಚೈನು ಮಾತ್ರ ಗೇಟಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಾ ತುಕ್ಕು ಹಿಡಿಯುತ್ತಿತ್ತು. ನಾವು ಗೇಟಿಗೆ ಬರೀ ಚಿಲಕ ಹಾಕಿಕೊಳ್ಳುತ್ತಿದ್ದೆವು.

ಅದಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ಆ ರಾತ್ರಿ ಬಂತು.

ಮಂಜುಗೆ ಆ ವಾರ ನೈಟ್ ಶಿಫ್ಟು. ಅವರದು ಸರ್ಕಾರಿ ಕಾರ್ಖಾನೆ, ಒಳಗೆ ಹೋಗುವಾಗ ಗೇಟಿನಲ್ಲಿಯೇ ಫೋನು ಒಪ್ಪಿಸಿ ಹೋಗಬೇಕು. ಬೆಳಿಗ್ಗೆ ಹೊರಗೆ ಬರುವವರೆಗೆ ಹೆಂಡತಿ ಸತ್ತರೂ ಗೊತ್ತಾಗುವುದಿಲ್ಲ ಅಂತ ನಾನು ರೇಗಿಸುತ್ತಿದ್ದೆ. ಅವರು ಹೊರಡುವಾಗ ಪುಟ್ಟನ ಮೈ ಸ್ವಲ್ಪ ಬೆಚ್ಚಗಿತ್ತು, ಅಷ್ಟೇ.

"ರಜೆ ಹಾಕ್ಲಾ?" ಅಂದರು.

"ಬೇಡ ಹೋಗ್ರೀ. ಹಲ್ಲು ಬರ್ತಿರ್ಬೇಕು" ಅಂದೆ ನಾನು.

ಅವರು ಹೋಗಿ ಸ್ವಲ್ಪ ಹೊತ್ತಿಗೆ ಪುಟ್ಟ ಕೆಂಡವಾದ. ಡಾಕ್ಟರು ಮೊದಲೇ ಬರೆದುಕೊಟ್ಟಿದ್ದ ಜ್ವರದ ಡ್ರಾಪ್ಸ್ ಹಾಕಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಹಣೆ, ಕಂಕುಳು, ತೊಡೆ ಎಲ್ಲ ಒರೆಸಿದೆ. ಒರೆಸಿದ ಕಡೆ ತಣ್ಣಗಾಗುತ್ತಿತ್ತು, ಕೈ ತೆಗೆದರೆ ಮತ್ತೆ ಸುಡುತ್ತಿತ್ತು. ಹಾಲು ಕುಡಿಯಲಿಲ್ಲ. ಅಳು ಮೊದಲು ಜೋರಾಗಿತ್ತು. ಆಮೇಲೆ ಬೆಕ್ಕಿನ ಮರಿಯ ಹಾಗೆ ಸಣ್ಣದಾಯಿತು. ಮೊದಲನೆಯ ಮಗು ಹಾಗೆಯೇ ಅತ್ತಿತ್ತು...

ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ನಿಂತ ಮೇಲೆ ಮನೆಯ ಸದ್ದುಗಳೆಲ್ಲ ಒಂದೊಂದಾಗಿ ಕೇಳತೊಡಗಿದವು. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು. ಪುಟ್ಟನ ಉಸಿರು. ಆಮೇಲೆ, ಕೆಳಗಡೆಯಿಂದ...

ಕರ್ರ್... ಕರ್ರ್... ಟಕ್.

ಮಾಲೀಕರು ಯಾರನ್ನಾದರೂ ಕಳಿಸಿರಬೇಕು, ಖಾಲಿ ಮನೆ ನೋಡಲು ಬಂದಿರಬೇಕು ಎಂದುಕೊಂಡೆ. ಕತ್ತಲಾದ ಮೇಲೆ ಯಾರಪ್ಪ ಮನೆ ನೋಡಲು ಬರುತ್ತಾರೆ ಎಂದು ತಲೆ ಕೇಳುತ್ತಿತ್ತು, ಆದರೆ ತಲೆಯ ಮಾತು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ. ಅಲ್ಲಿನ ಸಿಸ್ಟರ್ ಎಲ್ಲ ಕೇಳಿಕೊಂಡು, "ಹಾಲು ಕುಡೀತಿಲ್ಲ ಅಂದ್ರೆ ಲೇಟ್ ಮಾಡ್ಬೇಡಿ ಮೇಡಂ, ಕರ್ಕೊಂಡು ಬಂದ್ಬಿಡಿ" ಎಂದಳು.

ಆಪ್‌ನಲ್ಲಿ ಆಟೋ ಸಿಕ್ಕಿತು. ಪುಟ್ಟನನ್ನು ಟವೆಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡೆ, ಬ್ಯಾಗು ತಗುಲಿಸಿಕೊಂಡೆ, ಮೊಬೈಲಿನ ಬೆಳಕಿನಲ್ಲಿ ಮೆಟ್ಟಿಲು ಇಳಿದೆ. ಅರ್ಧ ಇಳಿಯುವಷ್ಟರಲ್ಲಿ ವಾಸನೆ ಬಂತು. ನೀಲಗಿರಿ ಎಣ್ಣೆ... ಎಲೆ ಅಡಿಕೆ... ಖಾಲಿ ಮನೆಯಿಂದ ಹಳೆಯ ವಾಸನೆ ಬರುವುದು ಸಹಜ ಎಂದು ನನಗೆ ನಾನೇ ಹೇಳಿಕೊಂಡೆ.

ಗೇಟಿನ ಹತ್ತಿರ ಬಂದು ಬೆಳಕು ಹಿಡಿದೆ.

ಚೈನು. ಕಂಬಿಗೆ ಎರಡು ಸುತ್ತು. ಮೇಲೆ ಹಿತ್ತಾಳೆ ಬೀಗ.

ಹೊರಗೆ ಆಟೋ ಬಂದು ನಿಂತಿತು. ಅದರ ಹೆಡ್‌ಲೈಟು ಕಂಬಿಗಳ ಮೂಲಕ ಮೆಟ್ಟಿಲ ಮೇಲೆಲ್ಲ ಬಿತ್ತು. ಶಿವಾಜಿನಗರದ ಕಡೆಯ ಹುಡುಗನಿರಬೇಕು, ಮಾತು ಆ ಕಡೆಯದು. ಇಳಿದು ಬಂದು ಗೇಟು ಅಲ್ಲಾಡಿಸಿದ.

"ಕ್ಯಾ ಮೇಡಂ, ಲಾಕ್ ಹಾಕಿದೆಯಲ್ಲ. ಚಾವಿ ತೆಗೀರಿ."

"ಚಾವಿ ಇಲ್ಲ ಭಾಯ್! ಈ ಚೈನೇ ಹಾಕಿರ್ಲಿಲ್ಲ... ಯಾರೋ ಹಾಕ್ಬಿಟ್ಟಿದಾರೆ. ಮಗುಗೆ ತುಂಬಾ ಜ್ವರ, ಏನಾದ್ರೂ ಮಾಡಪ್ಪ."

ನಾನು ಒಂದು ಕೈಯಲ್ಲಿ ಪುಟ್ಟನನ್ನು ಹಿಡಿದು ಇನ್ನೊಂದು ಕೈಯಲ್ಲಿ ಬೀಗ ಜಗ್ಗುತ್ತಿದ್ದೆ. ಬೀಗ ತಣ್ಣಗೆ, ಎಣ್ಣೆಯೆಣ್ಣೆಯಾಗಿ ಜಾರುತ್ತಿತ್ತು. ಅವನು ಹೊರಗಿನಿಂದ ಚೈನು ಹಿಡಿದುಕೊಂಡ.

"ಒಂದ್ ಕೈಲಿ ಆಗಲ್ಲ ಮೇಡಂ. ಬಚ್ಚಾನ ಅಜ್ಜಿ ಕೈಗೆ ಕೊಡಿ. ನೀವು ಎರಡೂ ಕೈಲಿ ಎಳೀರಿ, ನಾನು ಈ ಕಡೆಯಿಂದ ತಳ್ತೀನಿ."

"ಯಾವ ಅಜ್ಜಿ?"

"ಅರೇ, ನಿಮ್ ಹಿಂದೇನೇ ಇದಾರಲ್ಲ... ನೋಡಿ, ಅವ್ರೇ ಕೈ ಚಾಚ್ತಾ ಇದಾರೆ."

ನನ್ನ ಕತ್ತು ತಿರುಗಲಿಲ್ಲ. ತಿರುಗಿಸಬೇಕು ಎಂದರೂ ಆಗಲಿಲ್ಲ. ಪುಟ್ಟ ನನ್ನ ಹೆಗಲ ಮೇಲಿದ್ದವನು, ಅವನ ಮುಖ ಹಿಂದಕ್ಕಿತ್ತು. ಅಷ್ಟು ಹೊತ್ತಿನಿಂದ ಅಳುತ್ತಿದ್ದವನು ಅಳು ನಿಲ್ಲಿಸಿದ್ದ. ಬಾ ಎಂದು ಪ್ರೀತಿಯಿಂದ ಯಾರಾದರೂ ಕರೆದರೆ ಮಕ್ಕಳು ಮೈಯನ್ನೇ ಆ ಕಡೆ ಎಸೆಯುತ್ತವಲ್ಲ... ಹಾಗೆ ಎರಡೂ ಕೈ ಚಾಚಿ, ನನ್ನ ಹೆಗಲಿನಾಚೆಗೆ ಬಾಗಿದ.

ಅವನನ್ನು ಎದೆಗೆ ಎಳೆದುಕೊಂಡು ಗಕ್ಕನೆ ತಿರುಗಿದೆ.

ಮೆಟ್ಟಿಲು. ಹೆಡ್‌ಲೈಟಿನ ಬೆಳಕು. ಕಂಬಿಗಳ ನೆರಳು. ಬೇರೇನೂ ಇಲ್ಲ.

"ಯಾರೂ ಇಲ್ಲಪ್ಪ ಇಲ್ಲಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವನಿಗೂ ಕೇಳಿಸಿರಲಿಕ್ಕಿಲ್ಲ. ಆಗಲೇ ಆಟೋದ ಕಡೆ ನಡೆಯುತ್ತಿದ್ದ. "ನೀವು ಅಜ್ಜಿ ಜೊತೆ ಮೇಲೆ ಹೋಗಿ ಕೂತ್ಕೊಳ್ಳಿ ಮೇಡಂ. ನಮ್ ದೋಸ್ತ್ ಒಬ್ಬ ವೆಲ್ಡಿಂಗ್ ಮಾಡ್ತಾನೆ, ಕಟರ್ ತರ್ತೀನಿ" ಎಂದು ಕೂಗಿ, ಸಂದಿಯಿಂದ ಹಿಮ್ಮುಖವಾಗಿ ಆಟೋ ತೆಗೆದ. ಬೆಳಕು ಗೋಡೆಗುಂಟ ಸರಿದು ಸರಿದು ಹೋಯಿತು. ಕತ್ತಲು.

ನನ್ನ ಪರಿಸ್ಥಿತಿ ಯೋಚಿಸಿ. ಮುಂದೆ ಬೀಗ ಜಡಿದ ಗೇಟು. ಹಿಂದೆ ಇದ್ದದ್ದು ಆ ಮೆಟ್ಟಿಲ ದಾರಿ ಒಂದೇ, ಅದರಲ್ಲಿ ಅವನು ಕಂಡ ಅಜ್ಜಿ. ಹೊರಗೆ ಹೋಗಲು ಆಗದು, ಮೇಲೆ ಹೋಗಬೇಕೆಂದರೆ ಅದನ್ನು ದಾಟಿಯೇ ಹೋಗಬೇಕು. ಕೂಗಿದೆ. ಎದುರಿನದು ಗೋಡೌನು, ರಾತ್ರಿ ಅಲ್ಲಿ ಯಾರೂ ಇರುವುದಿಲ್ಲ. ಎಲ್ಲೋ ಒಂದು ನಾಯಿ ಬೊಗಳಿ ಸುಮ್ಮನಾಯಿತು.

ಕೊನೆಗೆ ಗೋಡೆಗೆ ಬೆನ್ನು ಒತ್ತಿ, ಒಂದೊಂದೇ ಮೆಟ್ಟಿಲು ಹತ್ತಿದೆ. ಪುಟ್ಟನ ಮುಖವನ್ನು ನನ್ನ ಕತ್ತಿಗೆ ಒತ್ತಿಕೊಂಡಿದ್ದೆ. ನಡುವೆ ಒಂದು ಕಡೆ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ ಕಣ್ಣಲ್ಲಿ ನೀರು ಬಂತು. ಅಲ್ಲಿ ಪುಟ್ಟನ ತಲೆ ಮೇಲಿದ್ದ ಟವೆಲ್ಲು ಮೆಲ್ಲಗೆ ಸರಿಯಿತು. ನನ್ನ ಕೈ ತಗುಲಿ ಸರಿದಿರಬಹುದು. ಇರಬಹುದು...

ಮನೆಯೊಳಗೆ ನುಗ್ಗಿ ಬಾಗಿಲು ಹಾಕಿ, ಮೇಲಿನ ಚಿಲಕ, ಕೆಳಗಿನ ಚಿಲಕ ಎರಡೂ ಹಾಕಿದೆ. ಮೊಬೈಲಿನ ಚಾರ್ಜು ಮುಗಿಯುತ್ತಾ ಬಂದಿತ್ತು. ಮಾಲೀಕರು ಫೋನ್ ಎತ್ತಲಿಲ್ಲ. ಯಾಕೋ ಗೊತ್ತಿಲ್ಲ, ಅತ್ತೆಗೆ ಮಾಡಿದೆ. ಅತ್ತೆ ನಿದ್ದೆಗಣ್ಣಲ್ಲೇ ಎಲ್ಲ ಕೇಳಿಸಿಕೊಂಡರು. ಚೈನಿನ ವಿಷಯ ಹೇಳಿದೆ. ಆಟೋದವನು ಹೇಳಿದ್ದನ್ನೂ ಹೇಳಿದೆ.

"ಸುಮಾ... ಆಮೇಲೆ ತವುಡು ಕೊಟ್ಟು ಬಿಡುಸ್ಕಂಡ್ರಿ ತಾನೆ?"

ನಾನು ಪುಟ್ಟನನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡೆ.

"ಮಾತಾಡವ್ವ. ನಿಂದೇ ತಗೋ ಅಂತ ಆಯಮ್ಮ ಬಾಯ್ಬಿಟ್ಟು ಅಂದ್ಲಾ?"

"ಇಲ್ಲ ಅತ್ತೆ... ಸರಿಯಾದ್ ತವುಡು ಸಿಗ್ಲೇ ಇಲ್ಲ. ಮರ್ತೇಹೋಯ್ತು."

"ಅಯ್ಯೋ ನಮ್ಮವ್ವಾ! ಹಂಗಾದ್ರೆ ಅದು ಇನ್ನೂ ಅವ್ಳ್ ಕೂಸೇ ಕಣೆ!"

ನಾನು ಓದಿದವಳು, ಕ್ಲೇಮ್ ವಿಭಾಗದವಳು, ಎಲ್ಲ ಸರಿ. ಆದರೆ ಆ ಕತ್ತಲಲ್ಲಿ ಅತ್ತೆಯ ಮಾತು ನೇರವಾಗಿ ಹೊಟ್ಟೆಗೆ ಇಳಿಯಿತು.

"ಮನೇಲಿ ಏನಾರ ತವುಡೈತಾ? ಇದ್ರೆ ತಟ್ಟೇಲಿ ಹಾಕಿ ಹೊಸ್ಲಾಚೆ ಇಡು. ನನ್ ಮಗ ನನಗೆ ಕೊಡು ಅಂತ ಕೇಳು. ಕೈಯಾಗಿಂದ ಕೂಸ್ನ ಮಾತ್ರ ಕೆಳಕ್ಕೆ ಇಳಿಸ್ಬ್ಯಾಡ..."

ಫೋನು ಆರಿಹೋಯಿತು.

ದೇವರ ಮುಂದಿನ ದೀಪ ಹಚ್ಚಿಕೊಂಡು ಅಡುಗೆಮನೆಗೆ ಹೋದೆ. ಹಲಗೆಯ ಮೇಲೆ ಧೂಳು ಹಿಡಿದ ಪ್ಯಾಕೆಟ್ಟು. ಯೋಗದ ಹುಡುಗಿ ನಗುತ್ತಿದ್ದಳು. ಬೇರೆ ಸಮಯವಾಗಿದ್ದರೆ ನನಗೂ ನಗು ಬರುತ್ತಿತ್ತು. ಹಲ್ಲಿನಲ್ಲಿ ಕಚ್ಚಿ ಹರಿದು, ಸ್ಟೀಲ್ ತಟ್ಟೆಗೆ ಸುರಿದೆ.

ಅಷ್ಟರಲ್ಲಿ ಬಾಗಿಲಾಚೆ ಯಾರೋ ಗುನುಗತೊಡಗಿದರು. ಮಾತಿಲ್ಲ, ಬರೀ ರಾಗ. ಮಗುವನ್ನು ಮಲಗಿಸುವಾಗ ಬಾಯಿ ಮುಚ್ಚಿಕೊಂಡೇ ಹಾಡುತ್ತೇವಲ್ಲ, ಹಾಗೆ. ಪುಟ್ಟ ಬಾಗಿಲಿನ ಕಡೆ ನೋಡಿದ. ಆ ಜ್ವರದಲ್ಲೂ ತೊಡೆ ಮೇಲೆ ಹಾಕಿ ತಟ್ಟಿದಂತೆ ಅವನ ಕಣ್ಣು ಎಳೆಯತೊಡಗಿತು.

ಆಗ ನನಗೆ ಭಯಕ್ಕಿಂತ ಹೆಚ್ಚಾಗಿ ಬಂದದ್ದು ಸಿಟ್ಟು. ಹೌದು, ಸಿಟ್ಟು! ಒಂದನ್ನು ಕಳೆದುಕೊಂಡಿದ್ದೇನೆ. ಇದನ್ನು ಯಾರಿಗೂ ಕೊಡುವುದಿಲ್ಲ. ಯಾರು ಕೊಂಡಿದ್ದರೇನು, ಯಾರ ಎಂಟನೆಯದಾದರೇನು? ಹೆತ್ತವಳು ನಾನು.

ಚಿಲಕ ತೆಗೆದೆ. ಬಾಗಿಲನ್ನು ಒಂದು ಗೇಣು ಮಾತ್ರ ತೆರೆದೆ. ಗುನುಗು ನಿಂತಿತು. ಹೊರಗೆ ಕಾಡಿಗೆಯಂಥ ಕತ್ತಲು. ದೀಪ ಹಿಡಿಯುವ ಧೈರ್ಯ ಬರಲಿಲ್ಲ. ತಟ್ಟೆಯನ್ನು ಕಾಲಿನಿಂದ ಹೊಸ್ತಿಲಾಚೆಗೆ ತಳ್ಳಿದೆ.

"ತವುಡು ತಂದಿದೀನಿ ಕನ್ನಿಯಮ್ಮ. ನನ್ ಮಗ ನನಗೆ ಕೊಡಿ" ಎಂದೆ. "ದಮ್ಮಯ್ಯ... ನಿಂದೇ ತಗೋ ಅಂತ ಒಂದು ಸಲ ಹೇಳ್ಬಿಡಿ."

ಕಾದೆ.

ತಟ್ಟೆಯಲ್ಲಿ ಏನೋ ಆಡಿದ ಸದ್ದು. ಬೆರಳಿನಿಂದ ತವುಡನ್ನು ಕೆದಕಿ ನೋಡಿದ ಹಾಗೆ... ಸರ್ರ್... ಸರ್ರ್...

ಆಮೇಲೆ, ನನ್ನ ಮೊಣಕಾಲಿನ ಎತ್ತರದಲ್ಲಿ, ಕುಕ್ಕರಗಾಲಿನಲ್ಲಿ ಕೂತವರ ಬಾಯಿಂದ ಬರುವಷ್ಟು ಹತ್ತಿರದಲ್ಲಿ:

"ಹ್ಞುಂ."

ಬಾಗಿಲು ದಬಾರನೆ ಹಾಕಿದೆ. ಎರಡೂ ಚಿಲಕ ಜಡಿದೆ. ಬಾಗಿಲಿಗೇ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದು ಕೂತೆ. ಪುಟ್ಟನನ್ನು ಎರಡೂ ತೋಳಿನಲ್ಲಿ ಕಟ್ಟಿ ಹಾಕಿಕೊಂಡಿದ್ದೆ. ದೀಪದ ಎಣ್ಣೆ ತೀರಿತು. ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ. ಗೊತ್ತಿಲ್ಲದ ದೇವರುಗಳನ್ನೂ ಕರೆದೆ. ನಿದ್ದೆ ಮಾಡಲಿಲ್ಲ ಎಂದು ಈಗಲೂ ಆಣೆ ಮಾಡುತ್ತೇನೆ... ಆದರೆ ನಡುವೆ ಎಲ್ಲಿಯೋ ಎಚ್ಚರ ತಪ್ಪಿರಬೇಕು.

ಏಕೆಂದರೆ ದೂರದ ಮಸೀದಿಯ ಬೆಳಗಿನ ಕೂಗು ಕೇಳಿ ಬೆಚ್ಚಿ ಕಣ್ಣು ಬಿಟ್ಟಾಗ, ಪುಟ್ಟ ಸದ್ದಿಲ್ಲದೆ ಮಲಗಿದ್ದ. ತೀರಾ ಸದ್ದಿಲ್ಲದೆ. ಮುಟ್ಟಲು ನನ್ನ ಕೈ ಏಳಲಿಲ್ಲ. ಆ ಒಂದು ಗಳಿಗೆ ನಾನು ಏನಾದೆ ಎಂದು ಬರೆಯಲು ಬರುವುದಿಲ್ಲ.

ಕೊನೆಗೆ ಮುಟ್ಟಿದೆ. ತಣ್ಣಗೆ, ಬೆವರಿ ತೊಪ್ಪೆಯಾಗಿದ್ದ. ಉಸಿರು ಸಮನಾಗಿತ್ತು. ಜ್ವರ ಬಿಟ್ಟಿತ್ತು. ಬಿಕ್ಕಿ ಬಿಕ್ಕಿ ಅತ್ತೆ.

ಆಮೇಲೆ ಅವನ ಕಾಲು ನನ್ನ ಗಲ್ಲಕ್ಕೆ ತಗುಲಿತು. ಜಿಡ್ಡು ಜಿಡ್ಡು. ಮೂಸಿದೆ. ನೀಲಗಿರಿ ಎಣ್ಣೆ! ಎರಡೂ ಅಂಗಾಲಿಗೆ, ಬೆರಳ ಸಂದಿಯವರೆಗೆ, ನೀಟಾಗಿ ತಿಕ್ಕಿದ್ದರು. ನಮ್ಮ ಮನೆಯಲ್ಲಿ ನೀಲಗಿರಿ ಎಣ್ಣೆ ಇರಲೇ ಇಲ್ಲ.

ಪಕ್ಕಕ್ಕೆ ನೋಡಿದೆ. ಹೊಸ್ತಿಲಾಚೆ ಇಟ್ಟಿದ್ದ ಸ್ಟೀಲ್ ತಟ್ಟೆ ಈಗ ಮನೆಯೊಳಗೆ, ನನ್ನ ತೊಡೆಯ ಪಕ್ಕದಲ್ಲಿತ್ತು. ತವುಡು ತವುಡಾಗಿಯೇ ಇತ್ತು. ಬಾಗಿಲಿನ ಎರಡೂ ಚಿಲಕ ಹಾಕಿದ್ದು ಹಾಕಿದ ಹಾಗೆಯೇ ಇದ್ದವು.

ಬೆಳಕು ಹರಿದ ಮೇಲೆ ಕೆಳಗೆ ಇಳಿದೆ. ಗೇಟಿಗೆ ಬರೀ ಚಿಲಕ. ಚೈನು ತನ್ನ ಮೊಳೆಯಲ್ಲಿ ತುಕ್ಕು ಹಿಡಿದು ನೇತಾಡುತ್ತಿತ್ತು. ಬೀಗವಿಲ್ಲ. ಸಂದಿಯ ಬಾಯಲ್ಲಿ ಅದೇ ಆಟೋ ಹುಡುಗ ಚಹಾ ಕುಡಿಯುತ್ತಾ ನಿಂತಿದ್ದ. ನನ್ನನ್ನು ಕಂಡು ಓಡಿ ಬಂದ.

"ಬಚ್ಚಾ ಹೇಗಿದೆ ಮೇಡಂ? ಕಟರ್ ತಂದಿದ್ದೆ ನಾನು ರಾತ್ರೀನೇ. ಅಜ್ಜಿ ಗೇಟ್ ಒಳಗಡೆ ಮೆಟ್ಲು ಮೇಲೆ ಕೂತಿದ್ರು. ಕರೆದೆ. ಬಾಯಿ ಮೇಲೆ ಬೆರಳಿಟ್ಟು ಹಿಂಗೆ ಮಾಡಿದ್ರು, ಮಗು ಮಲಗಿದೆ ಅಂತ. ಅಂದ್ರೆ ಬುಖಾರ್ ಇಳಿದಿದೆ, ಸುಮ್ನೆ ಯಾಕೆ ಗಲಾಟೆ ಅಂತ ವಾಪಸ್ ಹೋದೆ."

ಅದೇ ಆಟೋದಲ್ಲಿ ಆಸ್ಪತ್ರೆಗೆ ಹೋದೆ. ಡಾಕ್ಟರು ಪರೀಕ್ಷೆ ಮಾಡಿ, ವೈರಲ್ ಜ್ವರ, ಈಗ ಪರವಾಗಿಲ್ಲ ಎಂದರು. ಕಾಲು ಮುಟ್ಟಿ ನೋಡಿ ಮಾತ್ರ ಗದರಿದರು. "ಏನಮ್ಮಾ ಇದು, ಓದಿದೋರಾಗಿ? ಇಷ್ಟು ಚಿಕ್ಕ ಮಗುಗೆ ಈ ಎಣ್ಣೆಯೆಲ್ಲ ಹಚ್ಚಬಾರದು." ಅಂದರೆ ವಾಸನೆ ನನ್ನೊಬ್ಬಳ ಭ್ರಮೆಯಲ್ಲ.

ಮಂಜು ಎಲ್ಲ ಕೇಳಿದರು. ನಗಲಿಲ್ಲ. ಮರುದಿನವೇ ಹೊಸಕೋಟೆಗೆ ಹೋಗಿ, ಅಕ್ಕಿ ಗಿರಣಿಯಿಂದ ನಿಜವಾದ ತವುಡು ತಂದರು. ಕೊಂಡವರು ಹೋದ ಮೇಲೆ ಅವರ ಮಗಳಿಂದಲೇ ಬಿಡಿಸಿಕೊಳ್ಳಬೇಕು, ಬೇರೆ ದಾರಿಯಿಲ್ಲ ಎಂದು ಅತ್ತೆ ಹೇಳಿದ್ದರು.

ಬೆನ್ಸನ್ ಟೌನಿನ ಸೆಲ್ವಿಯ ಮನೆಗೆ ಮೂವರೂ ಹೋದೆವು. ಬಾಗಿಲಿನ ಪಕ್ಕ, ಕನ್ನಿಯಮ್ಮನ ಟ್ರಂಕು. ಅದಕ್ಕೆ ಆ ಹಿತ್ತಾಳೆ ಬೀಗ. ನಾನು ಅದರ ಕಡೆ ಮತ್ತೆ ನೋಡಲಿಲ್ಲ. ನಡೆದದ್ದನ್ನೆಲ್ಲ ಹೇಳದೆ, ಶಾಸ್ತ್ರ ಒಂದು ಬಾಕಿ ಉಳಿದಿದೆ ಎಂದಷ್ಟೇ ಹೇಳಿ, ತವುಡಿನ ಚೀಲವನ್ನು ಸೆಲ್ವಿಯ ಮುಂದೆ ಚಾಚಿದೆ.

ಅವಳು ಕೈ ನೀಡಲಿಲ್ಲ. ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಬೇಡ ಅಕ್ಕ... ನಾನು ಇಸ್ಕೊಳ್ಳಲ್ಲ."

"ಯಾಕೆ ಸೆಲ್ವಿ? ಒಂದು ಮಾತು, ಅಷ್ಟೇ."

"ಅಮ್ಮ ಆಣೆ ಹಾಕ್ಸಿದಾರೆ ಅಕ್ಕ. ಕೊನೇ ಎರಡು ದಿನ ಅದೇ ಮಾತು. ಹಲಸೂರಲ್ಲಿ ನನ್ನ ಚಿಕ್ಕ ಮಗು ಇದೆ, ಅದನ್ನ ಬಿಟ್ಟು ಹೆಂಗೆ ಹೋಗ್ಲಿ ಅಂತ ಅಳ್ತಿದ್ರು. ಯಾರಾದ್ರೂ ತವುಡು ತಂದ್ರೆ ಇಸ್ಕೋಬೇಡ, ಆಮೇಲೆ ಅವನನ್ನ ಯಾರು ನೋಡ್ತಾರೆ ಅಂತ... ಬುದ್ಧಿ ಸ್ತಿಮಿತ ಇಲ್ಲ ಅಂದ್ಕೊಂಡಿದ್ವಿ ನಾವು."

ವಾಪಸ್ ಬರುವಾಗ ಆಟೋದಲ್ಲಿ ಪುಟ್ಟ, ಚೀಲದೊಳಗೆ ಕೈ ಹಾಕಿ ತವುಡು ಚೆಲ್ಲಾಡುತ್ತಾ ನಗುತ್ತಿದ್ದ.

ಈಗ ನಾವು ಹಲಸೂರು ಬಿಟ್ಟಿದ್ದೇವೆ. ಕೆ.ಆರ್. ಪುರದ ಕಡೆ ಮಂಜುವಿನ ಕಾರ್ಖಾನೆಯ ಕ್ವಾರ್ಟರ್ಸು. ಅಗಲವಾದ ರಸ್ತೆ, ಪಕ್ಕದಲ್ಲೇ ಜನ. ಗೇಟಿಗೆ ಚೈನಿಲ್ಲ. ಪುಟ್ಟ ಓಡಾಡುತ್ತಾನೆ, ಬಾಯಿ ತುಂಬ ಮಾತಾಡುತ್ತಾನೆ. ಆ ತವುಡಿನ ಚೀಲ ಮಾತ್ರ ಇನ್ನೂ ನಮ್ಮ ಬಾಗಿಲಿನ ಹಿಂದೆಯೇ ಇದೆ. ಎಸೆಯಲು ಧೈರ್ಯವಿಲ್ಲ, ಕೊಡಲು ಯಾರೂ ಇಲ್ಲ.

ಆ ರಾತ್ರಿ ಕನ್ನಿಯಮ್ಮ ಬಂದದ್ದು ಅವನನ್ನು ಕರೆದುಕೊಂಡು ಹೋಗಲೋ, ಉಳಿಸಲೋ? ಚೈನು ಹಾಕಿದ್ದು ನಮ್ಮನ್ನು ಕೂಡಿಹಾಕಲೋ, ಬೇರೆ ಏನನ್ನೋ ಹೊರಗೆ ತಡೆಯಲೋ? ನನಗೆ ಇವತ್ತಿಗೂ ಗೊತ್ತಿಲ್ಲ.

ಮೊನ್ನೆ ಅವನಿಗೆ ಮತ್ತೆ ಮೈ ಬೆಚ್ಚಗಾಗಿತ್ತು. ಥರ್ಮಾಮೀಟರ್ ತೆಗೆದುಕೊಳ್ಳುವ ಮೊದಲೇ ನಾನು ಬಗ್ಗಿ ಅವನ ಅಂಗಾಲು ಮೂಸಿದೆ. ಈಗ ಪ್ರತಿ ಜ್ವರಕ್ಕೂ ಹಾಗೆಯೇ ಮಾಡುತ್ತೇನೆ. ವಾಸನೆ ಬರದಿರಲಿ ಎಂದು ಮೂಸುತ್ತೇನೋ, ಬರಲಿ ಎಂದು ಮೂಸುತ್ತೇನೋ... ಅದು ನನಗೇ ತಿಳಿಯುತ್ತಿಲ್ಲ.